ಸಹಾಯ ಬೇಕು: ಕಡ್ಡಿಯಲ್ಲಿ ಬರುವ ಕಳೆಯುವ ಲೆಕ್ಕ ನೋಟ್‌ಬುಕ್‌ನಲ್ಲಿ ಬರುತ್ತಿಲ್ಲ

ನಮಸ್ಕಾರ. ಮೂರನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. 52ರಲ್ಲಿ 27 ಕಳೆಯಿರಿ ಅಂದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು 35 ಬರೆಯುತ್ತಾರೆ. 2ರಲ್ಲಿ 7 ಹೋಗಲ್ಲ ಅಂತ ಸುಮ್ನೆ ತಿರುಗಿಸಿ 7ರಲ್ಲಿ 2 ಕಳೆದುಬಿಡುತ್ತಾರೆ. ಅದೇ ಮಕ್ಕಳಿಗೆ ಹತ್ತತ್ತು ಕಡ್ಡಿಗಳ ಕಟ್ಟು ಕೊಟ್ಟರೆ, ಒಂದು ಕಟ್ಟು ಬಿಚ್ಚಿ, 12 ಬಿಡಿ ಕಡ್ಡಿಯಲ್ಲಿ 7 ತೆಗೆದು, ಸರಿಯಾಗಿ 25 ಹೇಳುತ್ತಾರೆ! ಅಂದರೆ ಅರ್ಥ ಆಗಿದೆ, ಅಲ್ವಾ?

"ಪಕ್ಕದಿಂದ ಸಾಲ ತಗೋ" ಅನ್ನಲು ನನಗೆ ಮನಸ್ಸಿಲ್ಲ. ಸಾಲ ಅಂದರೆ ವಾಪಸ್ ಕೊಡಬೇಕು. ಇಲ್ಲಿ ಒಂದು ಹತ್ತನ್ನು ಬಿಡಿಸುತ್ತೇವೆ, ಅಷ್ಟೇ. 27ರಿಂದ 30ಕ್ಕೆ 3, ಅಲ್ಲಿಂದ 50ಕ್ಕೆ 20, 52ಕ್ಕೆ 2 ಅಂತ ಮುಂದಕ್ಕೆ ಎಣಿಸುವುದು ಕೆಲವರಿಗೆ ಹಿಡಿಸಿತು.

ಕಡ್ಡಿಯಿಂದ ಬರವಣಿಗೆಗೆ ನೀವು ಹೇಗೆ ದಾಟಿಸುತ್ತೀರಿ? ನಡುವೆ ಚಿತ್ರ ಬರೆಸುತ್ತೀರಾ, ಎಷ್ಟು ದಿನ? 302ರಂತೆ ಮಧ್ಯದಲ್ಲಿ ಸೊನ್ನೆ ಬಂದರೆ? ದಯವಿಟ್ಟು ನಿಮ್ಮ ತರಗತಿಯ ಅನುಭವ ತಿಳಿಸಿ.