ಸಿನಿಮಾ ಸೆಟ್‌ನ ಅನುಭವ ಸಂಗೀತ ಕಛೇರಿಯ ಚಿತ್ರೀಕರಣಕ್ಕೆ ಸಾಕೇ?

ಪ್ರಶ್ನೆ: ಸೆಟ್‌ಗಳಲ್ಲಿ ಸಹಾಯಕ ನಿರ್ದೇಶಕನಾಗಿ ಕ್ಲ್ಯಾಪ್ ಹಿಡಿದು, ಕಂಟಿನ್ಯುಟಿ (ಶಾಟ್‌ನಿಂದ ಶಾಟ್‌ಗೆ ವಿವರಗಳು ಹೊಂದುವಂತೆ ಇಡುವ ಟಿಪ್ಪಣಿ) ಬರೆದು ಅಭ್ಯಾಸವಾಗಿರುವ ನನಗೆ, ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ರಾಮನವಮಿ ಕಛೇರಿಗಳಂಥ, ಎರಡನೆಯ ಟೇಕ್ ಇಲ್ಲದ ಕಾರ್ಯಕ್ರಮವನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುವ ಆಸೆಯಿದೆ. ಧ್ವನಿಯನ್ನೂ ದೃಶ್ಯವನ್ನೂ ಹೊಂದಿಸುವುದು ಹೇಗೆ?

ಉತ್ತರ 1: ವೇದಿಕೆಯ ಮೈಕ್‌ಗಳನ್ನು ಒಟ್ಟುಗೂಡಿಸುವ ಮಿಕ್ಸರ್‌ನಿಂದ ಬರುವ ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಮಾದರಿಗಳಂತೆ) ಪ್ರತ್ಯೇಕವಾಗಿ ದಾಖಲಿಸಿ, ಕ್ಯಾಮೆರಾಗಳ ಮೈಕ್‌ಗಳನ್ನೂ ಚಾಲೂ ಇಟ್ಟರೆ, ಸಂಕಲನದಲ್ಲಿ ಎಲ್ಲವನ್ನೂ ಹೋಲಿಸಿ ಹೊಂದಿಸಬಹುದು. ಸಭೆಯ ಚಪ್ಪಾಳೆಗೆ ಬೇರೆ ಮೈಕ್ ಇಡದಿದ್ದರೆ ಕಛೇರಿಗೆ ಜೀವವೇ ಇರುವುದಿಲ್ಲ.

ಉತ್ತರ 2: ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಷಟರ್ 1/50 ಸೆಕೆಂಡ್ ಇಟ್ಟರೆ ದೀಪಗಳ ಮಿನುಗು ಬಹುಮಟ್ಟಿಗೆ ತಪ್ಪುತ್ತದೆ. ತನಿ ಆವರ್ತನದಲ್ಲಿ (ತಾಳವಾದ್ಯದವರಷ್ಟೇ ನುಡಿಸುವ ಭಾಗದಲ್ಲಿ) ಒಂದು ಕ್ಯಾಮೆರಾ ಮೃದಂಗದವರ ಕೈಗಳನ್ನು ಬಿಟ್ಟು ಕದಲಲೇಬಾರದು.

ಉತ್ತರ 3: ಕಲಾವಿದರ ಮತ್ತು ಆಯೋಜಕರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ.