ಸ್ಥಳಕ್ಕೆ ಹೋದ ಕೂಡಲೇ ಬಿಪಿ ಮೊದಲೋ, ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡೋ ಆಕ್ಸಿಮೀಟರ್ ಮೊದಲೋ? ಅನುಭವ ಇರೋರು ಹೇಳಿ

ಹೊಸಬ: ಆಂಬುಲೆನ್ಸಿನಲ್ಲಿ ಇಎಂಟಿ (ತುರ್ತು ಚಿಕಿತ್ಸೆ ಕೊಡೋ ಸಿಬ್ಬಂದಿ) ಕೆಲಸಕ್ಕೆ ಸೇರ್ತಿದ್ದೀನಿ. ರೋಗಿಯನ್ನ ಯಾವ ಕ್ರಮದಲ್ಲಿ ನೋಡಬೇಕು? ಸ್ವಂತಕ್ಕೆ ಬಿಪಿ ಯಂತ್ರ ಕೊಳ್ಳೋದಾದ್ರೆ ಡಿಜಿಟಲ್ಲೋ, ಡಯಲ್ಲೋ?

ಗದಗ ಗಾಡಿ: ಡಿಜಿಟಲ್ ಬ್ಯಾಡ್ರೀ, ದುಡ್ಡು ದಂಡ. ಗಾಡಿ ಕುಲುಕಿದ್ರ ಎರರ್, ನಾಡಿ ಏರುಪೇರಿದ್ರ ಸುಳ್ಳು ಅಂಕಿ. ಡಯಲ್ ತಗೋರಿ. ಗಾಳಿ ಬಿಟ್ಟ ಮ್ಯಾಲೆ ಮುಳ್ಳು ಸೊನ್ನೆಗೆ ಬರಲಿಲ್ಲಂದ್ರ ಆ ಪೀಸ್ ವಾಪಸ್ ಕೊಡ್ರಿ. ದೊಡ್ಡ ಕಫ್‌ಗೆ (ತೋಳಿಗೆ ಸುತ್ತೋ ಪಟ್ಟಿ) ಬ್ಯಾರೆ ರೊಕ್ಕ, ಆದ್ರೂ ಬೇಕು: ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದ್ರ ಬಿಪಿ ಹೆಚ್ಚು ತೋರಸ್ತದ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ 80% ಮುಚ್ಚಬೇಕು. ಸದ್ದಿನಾಗ ಸ್ಟೆತ್ ಕೇಳಲ್ಲ. ಮಣಿಕಟ್ಟಿನ ನಾಡಿ ಹಿಡಿದು ಊದ್ರಿ, ನಾಡಿ ಮಾಯ ಆದ ಮ್ಯಾಲೆ ಇನ್ನೂ 30 ಏರಿಸಿ ಇಳಿಸ್ರಿ. ನಾಡಿ ತಿರುಗಿ ಸಿಕ್ಕ ಅಂಕಿನೇ ಮೇಲಿನ ಬಿಪಿ. ಕೆಳಗಿಂದು ಹಂಗ ಸಿಗಂಗಿಲ್ಲ, ಊಹಿಸಿ ಬರೀಬ್ಯಾಡ್ರಿ.

ಟ್ರಾಮಾ ಮೇಷ್ಟ್ರು: ಅವರು ಮೊದಲು ಕೇಳಿದ್ದು ಕ್ರಮ, ನೀವು ಅಂಗಡಿ ತೆರೆದಿರಿ. ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ಒತ್ತಿ ಹಿಡಿಯಿರಿ. ಆಮೇಲೆ ಶ್ವಾಸದಾರಿ: ಗೊರಗೊರ ಸದ್ದಿದ್ದರೆ ಸಕ್ಷನ್ ಯಂತ್ರದಿಂದ ಬಾಯೊಳಗಿನದನ್ನು ಹೀರಿ ತೆಗೆಯಿರಿ, ಒಮ್ಮೆಗೆ 15 ಸೆಕೆಂಡ್ ಮೀರಬಾರದು. ಬೈಕಿನಿಂದ ಬಿದ್ದವರ ತಲೆ ಹಿಂದಕ್ಕೆ ಬಾಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ಎತ್ತಿ. ಉಸಿರು 30 ಸೆಕೆಂಡ್ ಎಣಿಸಿ ದುಪ್ಪಟ್ಟು ಮಾಡಿ. ಯಾವ ಕೇಸ್ ಶೀಟ್ ತೆರೆದರೂ ‘20’ ಅಂತಲೇ ಇರುತ್ತದೆ, ಎಣಿಸಿದವರು ಯಾರೋ ದೇವರೇ ಬಲ್ಲ! ರಕ್ತದ ಓಟ ನೋಡಲು ಉಗುರು 5 ಸೆಕೆಂಡ್ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಆರೋಗ್ಯವಂತ ಯುವಕರಲ್ಲಿ ರಕ್ತ 30%ರಷ್ಟು ಹೋಗುವವರೆಗೂ ಬಿಪಿ ಬೀಳದೆ ಇರಬಹುದು. ಬಿಪಿ ಚೆನ್ನಾಗಿದೆ ಎಂದು ನೆಚ್ಚಿಕೊಂಡೇ ಹೆಣ ಬೀಳುವುದು.

ಗದಗ ಗಾಡಿ: ಬಿಪಿ ಬರೀಲಿಲ್ಲಂದ್ರ ಆಸ್ಪತ್ರ್ಯಾಗ ಬೈಸ್ಕೊಳ್ಳೋರು ನಾವು, ನೀವಲ್ಲ.

ಕರಾವಳಿ 24: ಆಕ್ಸಿಮೀಟರ್ ಬಗ್ಗೆ ಯಾರೂ ಹೇಳಲೇ ಇಲ್ಲ. ತಣ್ಣನೆ ಕೈ, ಗಾಢ ಉಗುರು ಬಣ್ಣ ಇದ್ದರೆ ಅಂಕಿ ತಪ್ಪುತ್ತದೆ, ಕಿವಿಗೆ ಹಾಕಿ. ಬೆಂಕಿ ಅನಾಹುತದಲ್ಲಿ ಹೊಗೆ ಕುಡಿದವರಿಗೆ ಅದು 98 ತೋರಿಸಿದರೂ ನಂಬಬೇಡಿ, ಕಾರ್ಬನ್ ಮಾನಾಕ್ಸೈಡನ್ನೂ ಆಕ್ಸಿಜನ್ ಅಂತಲೇ ಓದುತ್ತದೆ. ಕಂಡಕಂಡವರಿಗೆಲ್ಲ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹಾಕುವ ಚಟ ಬಿಡಿ. ಹಳೇ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ರೋಗಿಗೆ ಆಕ್ಸಿಮೀಟರಿನಲ್ಲಿ 88ರಿಂದ 92 ಸಾಕು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್. ಗೇಜ್ ಅರ್ಧಕ್ಕಿದ್ದರೆ 15ರ ಲೆಕ್ಕದಲ್ಲಿ 50 ನಿಮಿಷಕ್ಕೆ ಖಾಲಿ, ಘಾಟಿಯಲ್ಲಿ ಸಿಕ್ಕಿಹಾಕಿಕೊಂಡರೆ ಗತಿ?

ಟ್ರಾಮಾ ಮೇಷ್ಟ್ರು: ಶಾಕ್‌ಗೆ (ರಕ್ತದ ಓಟ ಕುಸಿದ ಸ್ಥಿತಿ) ಹೋದವರಿಗೂ ಉಳಿತಾಯ ಮಾಡ್ತೀರೇನು? ಹೊಗೆ ಕುಡಿದವರಿಗೆ, ಶಾಕ್‌ಗೆ 15 ಲೀಟರೇ.

ಕರಾವಳಿ 24: ‘ಎಲ್ಲರಿಗೂ ಬೇಡ’ ಅಂದೆ, ‘ಯಾರಿಗೂ ಬೇಡ’ ಅಂದೆನೇ? ಓದಿ ಮಾತಾಡಿ.

ಹೊಲದ ದಾರಿ: ಹಳ್ಳಿ ಕಡೆ ಪೋಸ್ಟಿಂಗ್ ಆದ್ರೆ ಕಣ್ಣು ನೋಡೋದು ಕಲೀರಿ. ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು, ಬೆವರು ಇದ್ರೆ ಕೀಟನಾಶಕ ಅಂದ್ಕೊಳ್ಳಿ, ಗ್ಲೌಸ್ ಹಾಕಿ ಬಟ್ಟೆ ಬಿಚ್ಚಿ. ನೆಲದ ಮೇಲೆ ಮಲಗಿದ್ದವರು ನಸುಕಲ್ಲಿ ಹೊಟ್ಟೆನೋವು ಅಂದು ರೆಪ್ಪೆ ಜೋತಿದ್ರೆ ಕಟ್ಟುಹಾವು ಕಚ್ಚಿದೆ ಅಂದ್ಕೊಳ್ಳಿ. ಕಚ್ಚಿದ ಗುರುತು ಹುಡುಕ್ತಾ ಕೂರಬೇಡಿ. ಒಂದೇ ಉಸಿರಲ್ಲಿ ಎಣಿಸೋಕೆ ಹೇಳಿ, ಹತ್ತು ದಾಟದಿದ್ರೆ ಆಂಬು ಬ್ಯಾಗ್ (ಒತ್ತಿ ಉಸಿರು ಕೊಡೋ ಚೀಲ) ಕೈಯಲ್ಲಿರಲಿ. ಕಚ್ಚಿದ ಕೈಕಾಲಿಗೆ ಹಗ್ಗ ಕಟ್ಟಬೇಡಿ.

ಗದಗ ಗಾಡಿ: ನಾವು ಹೋಗೋದ್ರಾಗ ಮನಿಯವರು ಕಟ್ಟಿಬಿಟ್ಟಿರ್ತಾರ. ದಾರ್ಯಾಗ ಬಿಚ್ಚಬೇಕೇನು?

ಹೊಲದ ದಾರಿ: ಬಿಗಿಯಾಗಿದ್ರೆ ದಾರಿಯಲ್ಲಿ ಬಿಚ್ಚಬೇಡಿ, ಒಮ್ಮೆಲೇ ವಿಷ ನುಗ್ಗುತ್ತೆ. ಡಾಕ್ಟರ ಮುಂದೆ, ವಿಷದ ಮದ್ದು, ಉಸಿರಾಟದ ಸಲಕರಣೆ ತಯಾರಿದ್ದಾಗ ಬಿಚ್ಚಲಿ.

ಹೊಸಬ: ಹಾಗಾದ್ರೆ ಯಾವ ಕಂಪನಿ ಡಯಲ್ ತಗೊಳ್ಳಲಿ?