‘ಅಪಾಯಕಾರಿ ಅಂಶ’ಕ್ಕೆ ಬೇರೆ ಪದ ಇದೆಯಾ?

ಗೆಳೆಯರೇ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಬಸಿರು ನಿಲ್ಲದೆ ಹೋಗುವುದಕ್ಕೂ ಕೆಲಸಕ್ಕೂ ಇರುವ ನಂಟಿನ ಬಗ್ಗೆ. ಎರಡು ಪದಗಳ ಹತ್ತಿರ ಪೆನ್ನು ನಿಂತುಬಿಟ್ಟಿದೆ.

ಮೊದಲನೆಯದು ‘ಗರ್ಭಪಾತ’. ತಾನಾಗಿ ಆದದ್ದಕ್ಕೂ ಇದೇ, ತೆಗೆಸಿದ್ದಕ್ಕೂ ಇದೇ. ಮಾತಿನಲ್ಲಾದರೆ ‘ಅಬಾರ್ಷನ್ ಆಯ್ತು’, ‘ಅಬಾರ್ಷನ್ ಮಾಡಿಸಿದ್ರು’ ಅಂತ ಕ್ರಿಯಾಪದದಿಂದ ಬೇರೆ ಮಾಡಿಕೊಳ್ಳುತ್ತೇವೆ. ತಲೆಬರಹದಲ್ಲಿ ಅದಕ್ಕೆ ಜಾಗ ಇಲ್ಲ. ‘ಗರ್ಭಸ್ರಾವ’ ಅನ್ನೋಣವೆಂದರೆ ಆಯುರ್ವೇದದಲ್ಲಿ ಅದು ನಾಲ್ಕನೇ ತಿಂಗಳವರೆಗೆ. ಐದು, ಆರರಲ್ಲಾದರೆ ‘ಗರ್ಭಪಾತ’. ಅಲ್ಲಿ ನೋಡುವುದು ತಿಂಗಳನ್ನು ಮಾತ್ರ.

ನಮ್ಮ ಕಡೆ ಹಿರಿಯರು ‘ಮೂರು ತಿಂಗಳಾಗಿತ್ತು, ನಿಲ್ಲಲಿಲ್ಲ’ ಅಂತಾರೆ. ಯಾರ ಮೇಲೂ ತಪ್ಪು ಹೊರಿಸದ ಮಾತು. ನನಗೆ ಇದೇ ಹಿಡಿಸಿದೆ. ಆದರೆ ‘ಗರ್ಭ ನಿಲ್ಲಲಿಲ್ಲ’ ಅಂದರೆ ಬಸಿರೇ ಆಗಲಿಲ್ಲ ಅಂತಲೂ ಆಗುತ್ತೆ, ಅಲ್ವಾ? ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುವ ಕಡೆ ಬಸಿರು ಹೋದವರಿಗೆ 6 ವಾರ ಸಂಬಳದ ರಜೆ ಇದೆ. ಅರ್ಜಿಯಲ್ಲಿ ನಾಚಿಕೆ ಪಡದೆ ಬರೆಯುವಂಥ ಒಂದು ಪದ ಬೇಕು.

ಎರಡನೆಯದು ‘ಅಪಾಯಕಾರಿ ಅಂಶಗಳು’, ಇಂಗ್ಲಿಷಿನಲ್ಲಿ ‘ರಿಸ್ಕ್ ಫ್ಯಾಕ್ಟರ್ಸ್’ ಅನ್ನುವುದು. ಇದರ ಕೆಳಗೆ ಭಾರ ಎತ್ತುವುದು, ಗಂಟೆಗಟ್ಟಲೆ ನಿಂತೇ ಇರುವುದು, ರಾತ್ರಿ ಪಾಳಿ, ಹೊಗೆ, ತಂಬಾಕು, ಕುಡಿತ ಅಂತ ಬರೆದಿದ್ದೆ. ಭಟ್ಟಿಯ ಒಬ್ಬಾಕೆಗೆ ಓದಲು ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ‘ಭಾರ ಎತ್ತುವುದು’ ಅನ್ನುವಲ್ಲಿ ಬೆರಳು ನಿಂತಿತು. ‘ಹಂಗಾದ್ರೆ ಹೋದ ವರ್ಷ ನಂದು ಹೋಗಿದ್ದು ಚೀಲ ಎತ್ತಿದ್ದಕ್ಕೇನ್ರಿ ಅಕ್ಕ?’ ಅಂದಳು.

ಹಾಗಂತ ಯಾರೂ ಹೇಳಲಾಗದು. ಬಸಿರು ಗೊತ್ತಾದ ಮೇಲೂ ನೂರಕ್ಕೆ 10ರಿಂದ 20 ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳಲ್ಲಿ (ಕ್ರೋಮೋಸೋಮ್‌ಗಳಲ್ಲಿ) ಆಗಿರುವ ದೋಷವೇ ಕಾರಣ. ತಾಯಿ ಮಂಚ ಬಿಟ್ಟು ಇಳಿಯದಿದ್ದರೂ ಅದು ಉಳಿಯುತ್ತಿರಲಿಲ್ಲ. ಭಾರ, ರಾತ್ರಿ ಪಾಳಿ, ಹೊಗೆ ಇವೆಲ್ಲ ಸಾಧ್ಯತೆಯನ್ನು ಜಾಸ್ತಿ ಮಾಡಬಹುದು. ಅದಕ್ಕೇ ಮಾಲೀಕರು ಹಗುರ ಕೆಲಸ ಕೊಡಬೇಕು, ಕೂರಲು ಸ್ಟೂಲ್ ಹಾಕಬೇಕು ಅಂತ ಕೇಳುತ್ತಿರುವುದು. ಆದರೆ ‘ಕಾರಿ’ ಅಂದರೆ ‘ಮಾಡುವಂಥದ್ದು’. ಓದಿದವಳಿಗೆ ‘ನೀನೇ ಮಾಡಿಕೊಂಡೆ’ ಅಂತ ಕೇಳಿಸುತ್ತದೆ.

‘ಸಾಧ್ಯತೆ ಹೆಚ್ಚಿಸುವ ಸಂಗತಿ’ ಉದ್ದವಾಯಿತು. ಚಿತ್ರದುರ್ಗ, ಹಾವೇರಿ, ಮೈಸೂರು ಕಡೆಯವರು ಮನೆಯಲ್ಲಿ ಏನಂತೀರಿ? ನಿಮ್ಮ ಅಜ್ಜಿ, ಸೂಲಗಿತ್ತಿಯರ ಬಾಯಲ್ಲಿ ಕೇಳಿದ ಮಾತಿದ್ದರೆ ದಯವಿಟ್ಟು ಹಾಗೇ ಬರೆಯಿರಿ. ಮುಂದಿನ ವಾರ ಅಚ್ಚಿಗೆ ಕೊಡಬೇಕು.